ಚೀಟಿ ಎತ್ತಿದರೆ ಎಷ್ಟು ಕಪ್? ದೊಡ್ಡ ಫ್ರಾಂಚೈಸಿಗಳ ಪಟ್ಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಪಂಚದ ಅತಿ ದೊಡ್ಡ ಕ್ರೀಡಾ ಫ್ರಾಂಚೈಸಿಗಳ ಪಟ್ಟಿಯೊಂದನ್ನು ನಾನು ಕೆಲವು ವರ್ಷಗಳಿಂದ ಇಟ್ಟುಕೊಂಡು ಬಂದಿದ್ದೇನೆ. ಯಾರೂ ಕೇಳಿರಲಿಲ್ಲ, ನನ್ನ ಚಟಕ್ಕೆ. ಆದರೆ ಪಟ್ಟಿ ಇದೆ ಅಂತ ಗೊತ್ತಾದ ಮೇಲೆ ಹರಟೆಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಅಮೆರಿಕದಲ್ಲಿರುವ ನೆಂಟರ ಮೆಸೇಜುಗಳಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ, ಕೇಳಿದವರ ಮಾತಲ್ಲೇ. ಅಂಕಿಗಳೆಲ್ಲ 2025ರ ಕೊನೆಯ ತನಕದ್ದು.

## ಮೊದಲು ಕೇಳುವವು

"ಫ್ರಾಂಚೈಸಿ ಅಂದ್ರೆ ಏನು? ಟೀಮ್ ಅಂದ್ರೆ ಸಾಲದಾ?"

ಟೀಮ್ ಅಂದರೆ ಈ ಸಲ ಮೈದಾನಕ್ಕೆ ಇಳಿಯುವ ಆಟಗಾರರು. ಫ್ರಾಂಚೈಸಿ ಅಂದರೆ ಒಂದು ಲೀಗ್‌ನಲ್ಲಿ ಆಡುವ ಹಕ್ಕು. ಖಾಸಗಿ ಬಸ್ಸಿನ ರೂಟ್ ಪರ್ಮಿಟ್ ಇದ್ದ ಹಾಗೆ ಅಂದುಕೊಳ್ಳಿ. ಡ್ರೈವರ್ ಬದಲಾಗುತ್ತಾನೆ, ಕಂಡಕ್ಟರ್ ಬದಲಾಗುತ್ತಾನೆ, ಬಸ್ಸೇ ಗುಜರಿಗೆ ಹೋಗಿ ಹೊಸದು ಬರುತ್ತದೆ, ಪರ್ಮಿಟ್ ಮಾತ್ರ ಅದೇ.

2008ರ ಜನವರಿಯಲ್ಲಿ ಐಪಿಎಲ್‌ನ ಇಂಥ 8 ಪರ್ಮಿಟ್‌ಗಳು ಹರಾಜಾದವು. ಮುಂಬೈಗೆ 11.19 ಕೋಟಿ ಡಾಲರ್, ಬೆಂಗಳೂರಿಗೆ 11.16 ಕೋಟಿ ಡಾಲರ್. ಎಲ್ಲಕ್ಕಿಂತ ಕಡಿಮೆಗೆ ಹೋದದ್ದು ರಾಜಸ್ಥಾನ, 6.7 ಕೋಟಿ ಡಾಲರ್. ಮೊದಲ ಕಪ್ ಗೆದ್ದದ್ದು ಅದೇ ರಾಜಸ್ಥಾನ.

ಹಾಗಾಗಿ ನಾನು ಅಳೆಯುವುದು ಬಸ್ಸನ್ನಲ್ಲ, ಪರ್ಮಿಟ್ಟನ್ನು. ಒಂದು ವರ್ಷದ ತಂಡ ಎಷ್ಟು ಚೆನ್ನಾಗಿತ್ತು ಅನ್ನುವುದು ಬೇರೆ ವಿಷಯ. ಆಟಗಾರರು, ಕೋಚ್‌ಗಳು, ಮಾಲೀಕರು ಬಂದು ಹೋದ ಮೇಲೂ ಏನು ಉಳಿಯಿತು ಅನ್ನುವುದು ನನ್ನ ಪ್ರಶ್ನೆ.

"ರಿಯಲ್ ಮ್ಯಾಡ್ರಿಡ್ ಇಲ್ಲದ ಪಟ್ಟಿ ಒಂದು ಪಟ್ಟೀನಾ?"

ಈ ಪ್ರಶ್ನೆ ಕೇಳುವವರ ಸಿಟ್ಟು ನನಗೆ ಅರ್ಥ ಆಗುತ್ತದೆ. 15 ಸಲ ಯುರೋಪಿನ ಕಪ್ ಗೆದ್ದ ತಂಡ, ಅದರಲ್ಲೂ 1956ರಿಂದ 1960ರ ತನಕ ಸತತ 5. ಆದರೆ ಅದು ಫ್ರಾಂಚೈಸಿ ಅಲ್ಲ, ಕ್ಲಬ್. ಮಾಲೀಕರು ಸದಸ್ಯರೇ. ಲೀಗ್‌ನಲ್ಲಿ ಅದರ ಜಾಗ ಯಾರೂ ಬರೆದು ಕೊಟ್ಟದ್ದಲ್ಲ, ಕೆಟ್ಟದಾಗಿ ಆಡಿದರೆ ಕೆಳಗಿನ ದರ್ಜೆಗೆ ಇಳಿಯಲೇಬೇಕು. ಇಂಗ್ಲೆಂಡಿನಲ್ಲಿ 2016ರಲ್ಲಿ ಚಾಂಪಿಯನ್ ಆದ ಲೆಸ್ಟರ್ ಸಿಟಿ 2023ರಲ್ಲಿ ಕೆಳಗಿಳಿಯಿತು. ಅಮೆರಿಕದ ಲೀಗ್‌ಗಳಲ್ಲಿ, ನಮ್ಮ ಐಪಿಎಲ್‌ನಲ್ಲಿ ಆ ಭಯ ಇಲ್ಲ. ಹತ್ತು ವರ್ಷ ಕೊನೆಯ ಸ್ಥಾನದಲ್ಲಿದ್ದರೂ ಹನ್ನೊಂದನೇ ವರ್ಷ ಅದೇ ಲೀಗ್.

ಇಂಗ್ಲೆಂಡಿನ ಫುಟ್‌ಬಾಲ್ ಜನರ ಬಾಯಲ್ಲಂತೂ ಫ್ರಾಂಚೈಸಿ ಅನ್ನುವುದು ಬೈಗುಳ. 2003ರಲ್ಲಿ ವಿಂಬಲ್ಡನ್ ತಂಡವನ್ನು ಎತ್ತಿಕೊಂಡು ಹೋಗಿ ಮಿಲ್ಟನ್ ಕೀನ್ಸ್‌ನಲ್ಲಿ ಇಟ್ಟಿದ್ದಕ್ಕೆ ಅವರು ಇವತ್ತಿಗೂ ಕ್ಷಮಿಸಿಲ್ಲ. ಎರಡು ಬೇರೆ ಜಾತಿಯ ಮರಗಳು. ಒಂದೇ ತಕ್ಕಡಿಯಲ್ಲಿ ಹಾಕುವುದು ಬೇಡ ಅಂತ ಕ್ಲಬ್‌ಗಳನ್ನು ಬಿಟ್ಟಿದ್ದೇನೆ, ಅವು ಸಣ್ಣವು ಅಂತ ಅಲ್ಲ.

"ವಿವರಣೆ ಆಮೇಲೆ, ಮೊದಲು ಪಟ್ಟಿ ಹೇಳಿ"

ಸರಿ. ಒಂದನೇದು ಬೇಸ್‌ಬಾಲ್‌ನ ನ್ಯೂಯಾರ್ಕ್ ಯಾಂಕೀಸ್. ಎರಡು, ಬ್ಯಾಸ್ಕೆಟ್‌ಬಾಲ್‌ನ ಬಾಸ್ಟನ್ ಸೆಲ್ಟಿಕ್ಸ್. ಮೂರು, ಐಸ್ ಹಾಕಿಯ ಮಾಂಟ್ರಿಯಲ್ ಕೆನಡಿಯನ್ಸ್. ನಾಲ್ಕು, ಮತ್ತೆ ಬ್ಯಾಸ್ಕೆಟ್‌ಬಾಲ್‌ನ ಲಾಸ್ ಏಂಜಲೀಸ್ ಲೇಕರ್ಸ್. ಐದು, ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್. ಆರು, ಅದೇ ಆಟದ ಪಿಟ್ಸ್‌ಬರ್ಗ್ ಸ್ಟೀಲರ್ಸ್: ಒಂದೇ ಮನೆತನ 1933ರಿಂದ ನಡೆಸಿಕೊಂಡು ಬಂದಿದೆ, 1969ರಿಂದ 2024ರ ಸೀಸನ್ ತನಕ ಮೂರೇ ಮೂರು ಹೆಡ್ ಕೋಚ್, 6 ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್‌ನ ಫೈನಲ್). ಏಳು, ಅದೇ ಆಟದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಎಂಟು, ಬ್ಯಾಸ್ಕೆಟ್‌ಬಾಲ್‌ನ ಸ್ಯಾನ್ ಆಂಟೋನಿಯೊ ಸ್ಪರ್ಸ್: ಸಣ್ಣ ಮಾರುಕಟ್ಟೆಯ ಊರು, 1999ರಿಂದ 2014ರೊಳಗೆ 5 ಚಾಂಪಿಯನ್‌ಶಿಪ್, ಸತತ 22 ಸೀಸನ್ ಪ್ಲೇಆಫ್. ಒಂಬತ್ತು, ಬೇಸ್‌ಬಾಲ್‌ನ ಲಾಸ್ ಏಂಜಲೀಸ್ ಡಾಡ್ಜರ್ಸ್. ಹತ್ತನೇ ಜಾಗದಲ್ಲಿ ಸದ್ಯಕ್ಕೆ ಐಸ್ ಹಾಕಿಯ ಡೆಟ್ರಾಯಿಟ್ ರೆಡ್ ವಿಂಗ್ಸ್ ಕೂತಿದೆ.

ಐಪಿಎಲ್‌ನ ಯಾವ ತಂಡವೂ ಇದರಲ್ಲಿ ಇಲ್ಲ. ಗೊತ್ತು, ಬೈಯುತ್ತೀರಿ. ಅದಕ್ಕೆ ಕೊನೆಯಲ್ಲಿ ಬೇರೆ ಜಾಗ ಇಟ್ಟಿದ್ದೇನೆ.

## ಲೆಕ್ಕದ ಪ್ರಶ್ನೆಗಳು

"ಯಾರು ಜಾಸ್ತಿ ಕಪ್ ಗೆದ್ದಿದ್ದಾರೋ ಅವರೇ ದೊಡ್ಡವರು. ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನಿದೆ?"

ಎಷ್ಟು ಜನರ ನಡುವೆ ಗೆದ್ದರು ಅನ್ನುವುದು ಇದೆ. 1943ರಿಂದ 1967ರ ತನಕ ಐಸ್ ಹಾಕಿ ಲೀಗ್‌ನಲ್ಲಿ ಇದ್ದದ್ದು ಆರೇ ತಂಡ. ಈಗ 32. ಆರು ಮಂದಿಯ ತರಗತಿಯಲ್ಲಿ ಫಸ್ಟ್ ಬರುವುದೂ 32 ಮಂದಿಯ ತರಗತಿಯಲ್ಲಿ ಫಸ್ಟ್ ಬರುವುದೂ ಒಂದೇನಾ?

ಅದಕ್ಕೆ ನಾನು ಚೀಟಿ ಲೆಕ್ಕ ಅಂತ ಒಂದು ಮಾಡಿಕೊಂಡಿದ್ದೇನೆ. ಪ್ರತಿ ವರ್ಷ ಎಲ್ಲ ತಂಡಗಳ ಹೆಸರು ಚೀಟಿಯಲ್ಲಿ ಬರೆದು, ಒಂದು ಮಗುವಿನ ಕೈಯಲ್ಲಿ ಎತ್ತಿಸಿ ಕಪ್ ಕೊಟ್ಟಿದ್ದರೆ ಒಂದು ತಂಡಕ್ಕೆ ಇಷ್ಟು ವರ್ಷದಲ್ಲಿ ಸರಾಸರಿ ಎಷ್ಟು ಕಪ್ ಬರುತ್ತಿತ್ತು? 8 ತಂಡ ಇದ್ದ ವರ್ಷ ಎಂಟರಲ್ಲಿ ಒಂದು ಪಾಲು, 30 ತಂಡ ಇದ್ದ ವರ್ಷ ಮೂವತ್ತರಲ್ಲಿ ಒಂದು ಪಾಲು, ಹೀಗೆ ಕೂಡುತ್ತಾ ಹೋಗಬೇಕು. ಆಮೇಲೆ ನಿಜವಾಗಿ ಗೆದ್ದದ್ದನ್ನು ಅದರಿಂದ ಭಾಗಿಸಬೇಕು. ಒಂದು ಭಾನುವಾರ ಪೂರ್ತಿ ಕೂತು ಹಾಕಿದ ಲೆಕ್ಕ ಇದು, ಹೆಂಡತಿ ಹುಚ್ಚು ಅಂದಳು.

ಯಾಂಕೀಸ್‌ಗೆ ಚೀಟಿಯಲ್ಲಿ ಸುಮಾರು 6 ಬರಬೇಕಿತ್ತು, ಬಂದದ್ದು 27. ಅಂದರೆ ನಾಲ್ಕೂವರೆ ಪಟ್ಟು. ಸೆಲ್ಟಿಕ್ಸ್‌ಗೆ ಬರಬೇಕಿದ್ದದ್ದು 4.7 ಹತ್ತಿರ, ಬಂದದ್ದು 18, ಸುಮಾರು 3.9 ಪಟ್ಟು. ಲೇಕರ್ಸ್ 17 ಗೆದ್ದು 3.8ರ ಆಸುಪಾಸು. ಸೂಪರ್ ಬೌಲ್ ಶುರುವಾದಾಗಿನಿಂದ ಎಣಿಸಿದರೆ ಸ್ಟೀಲರ್ಸ್ ಮತ್ತು ಪೇಟ್ರಿಯಟ್ಸ್ ಇಬ್ಬರದೂ 3 ಪಟ್ಟು. ಸ್ಪರ್ಸ್ 2.8. ಬ್ಯಾಸ್ಕೆಟ್‌ಬಾಲ್‌ನ ಶಿಕಾಗೊ ಬುಲ್ಸ್ 2.4. ಮತ್ತೆ 24 ಸಲ ಸ್ಟ್ಯಾನ್ಲಿ ಕಪ್ ಗೆದ್ದ ಕೆನಡಿಯನ್ಸ್? ಬರೀ 2.2, ಯಾಕಂದರೆ ತಂಡಗಳೇ ಕಡಿಮೆ ಇದ್ದ ಕಾಲದಲ್ಲಿ ಚೀಟಿಯಲ್ಲೇ ಅವರಿಗೆ ಹತ್ತು ಹನ್ನೊಂದು ಬಂದುಬಿಡುತ್ತಿತ್ತು.

ಅಷ್ಟಾದರೂ ಕೆನಡಿಯನ್ಸ್ ಅನ್ನು ಮೂರನೇ ಸ್ಥಾನದಲ್ಲಿ ಇಟ್ಟಿದ್ದೇನೆ, ಬುಲ್ಸ್ ಅನ್ನು ಹೊರಗೆ ಇಟ್ಟಿದ್ದೇನೆ. ಲೆಕ್ಕ ನನ್ನ ಕೆಲಸಗಾರ, ಯಜಮಾನ ಅಲ್ಲ.

"ಯಾಂಕೀಸ್ ದುಡ್ಡು ಚೆಲ್ಲಿ ಗೆದ್ದವರು. ಅದೇನು ದೊಡ್ಡತನ?"

ದುಡ್ಡು ಚೆಲ್ಲಿದ್ದು ನಿಜ. ಅವರ ಕಥೆ ಶುರುವಾಗುವುದೇ ಒಂದು ಖರೀದಿಯಿಂದ. 1919ರ ಡಿಸೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನಿಂದ ಬೇಬ್ ರೂತ್ ಅನ್ನುವ ಆಟಗಾರನನ್ನು 1 ಲಕ್ಷ ಡಾಲರಿಗೆ ಕೊಂಡರು. ಅಲ್ಲಿಯ ತನಕ ರೆಡ್ ಸಾಕ್ಸ್ 5 ಸಲ ವರ್ಲ್ಡ್ ಸೀರೀಸ್ (ಬೇಸ್‌ಬಾಲ್‌ನ ಕಪ್) ಗೆದ್ದಿತ್ತು, ಯಾಂಕೀಸ್ ಒಂದೂ ಇಲ್ಲ. ಮಾರಿದ ಮೇಲೆ ರೆಡ್ ಸಾಕ್ಸ್ ಮುಂದಿನ ಕಪ್ ನೋಡಿದ್ದು 2004ರಲ್ಲಿ. ಯಾಂಕೀಸ್ ಅಷ್ಟರೊಳಗೆ 26.

ಆದರೆ ಬರೀ ದುಡ್ಡಿನಿಂದ ಆಗುವುದಾದರೆ 2009ರ ನಂತರ ಒಂದೂ ಯಾಕೆ ಬಂದಿಲ್ಲ? ಆಮೇಲೂ ಅವರೇನು ಕೈ ಬಿಗಿ ಹಿಡಿದಿಲ್ಲವಲ್ಲ. ಇನ್ನೊಂದು ಕಡೆ 1996ರಿಂದ 2000ದೊಳಗೆ 4 ಗೆದ್ದ ತಂಡ ನೋಡಿ. ಡೆರೆಕ್ ಜೀಟರ್, ಮರಿಯಾನೊ ರಿವೆರಾ, ಆ್ಯಂಡಿ ಪೆಟಿಟ್, ಹೋರ್ಹೆ ಪೊಸಾಡ, ಎಲ್ಲ ಅವರೇ ಹುಡುಗರಿದ್ದಾಗಿಂದ ಬೆಳೆಸಿದವರು.

ನನಗೆ ಮುಖ್ಯ ಅನಿಸುವುದು ಹರಡಿಕೊಂಡಿರುವ ರೀತಿ. 20ರ ದಶಕದಲ್ಲಿ ರೂತ್, 30ರಲ್ಲಿ ಗೆರಿಗ್, ಆಮೇಲೆ ಡಿಮ್ಯಾಜಿಯೊ, 50ರಲ್ಲಿ ಮ್ಯಾಂಟಲ್ ಮತ್ತು ಬೆರಾ, 77-78ರಲ್ಲಿ ರೆಜಿ ಜ್ಯಾಕ್ಸನ್, ಆಮೇಲೆ ಜೀಟರ್. 16 ತಂಡಗಳ ಕಾಲದಲ್ಲಿ 18 ಗೆದ್ದರು. ಲೀಗ್ ಹಿಗ್ಗಿದ ಮೇಲೆ, 1961ರಿಂದ ಈಚೆಗೆ, ಇನ್ನೂ 9. ಈ 9ನ್ನು ಮಾತ್ರ ಎಣಿಸಿದರೂ ಚೀಟಿ ಲೆಕ್ಕದಲ್ಲಿ ಮೂರೂವರೆ ಪಟ್ಟಿಗೂ ಮೇಲೆ. ನನಗೆ ಯಾಂಕೀಸ್ ಮೇಲೆ ಪ್ರೀತಿ ಏನಿಲ್ಲ, ನಿಜ ಹೇಳಬೇಕೆಂದರೆ ಅವರು ಸೋತರೆ ಖುಷಿಯೇ. ಆದರೂ ಒಂದನೇ ಸ್ಥಾನದಿಂದ ಇಳಿಸಲು ದಾರಿ ಸಿಕ್ಕಿಲ್ಲ.

"ಸೆಲ್ಟಿಕ್ಸ್ 18ರಲ್ಲಿ 11 ಒಬ್ಬನೇ ಮನುಷ್ಯನ ಕಾಲದ್ದು. ಲೇಕರ್ಸ್ ಯಾಕೆ ಮೇಲಿಲ್ಲ?"

ಇದು ಪಟ್ಟಿಯಲ್ಲಿ ನನಗೆ ಅತಿ ಕಷ್ಟವಾದ ತೀರ್ಮಾನ. ನೀವು ಹೇಳುವುದು ಸರಿ. 1957ರಿಂದ 1969ರ ತನಕ 13 ವರ್ಷದಲ್ಲಿ 11 ಕಪ್, ಅದರಲ್ಲಿ 8 ಸತತ, ಎಲ್ಲದರಲ್ಲೂ ಬಿಲ್ ರಸೆಲ್. ಲೇಕರ್ಸ್ ಹಾಗಲ್ಲ, ಅವರ 17 ಚೆನ್ನಾಗಿ ಹರಡಿದೆ: ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಮೈಕನ್ ಕಾಲದ 5, 1972ರದ್ದು 1, ಮ್ಯಾಜಿಕ್ ಜಾನ್ಸನ್ ಕಾಲದ 5, ಕೋಬಿ ಬ್ರಯಂಟ್ ಕಾಲದ 5, 2020ರದ್ದು 1.

ಹಾಗಾದರೆ ಯಾಕೆ? ಒಂದು, ಎದುರಾಬದುರು. ಇಬ್ಬರೂ 12 ಸಲ ಫೈನಲ್‌ನಲ್ಲಿ ಸಿಕ್ಕಿದ್ದಾರೆ, 9 ಸಲ ಸೆಲ್ಟಿಕ್ಸ್ ಗೆದ್ದಿದೆ. ಎರಡು, ಸೆಲ್ಟಿಕ್ಸ್ ಒಂದೇ ಊರಿನಲ್ಲಿ ಇದ್ದುಕೊಂಡೇ ಗೆದ್ದದ್ದು. ಮೂರನೇದು ಕಪ್ಪಿನ ಲೆಕ್ಕಕ್ಕೆ ಸೇರುವುದಿಲ್ಲ. 1950ರಲ್ಲಿ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವಾಗ, ಮೊದಲ ಕಪ್ಪು ಆಟಗಾರನನ್ನು, ಚಕ್ ಕೂಪರ್‌ನನ್ನು ಆರಿಸಿದ್ದು ಸೆಲ್ಟಿಕ್ಸ್. 1964ರಲ್ಲಿ ಐದಕ್ಕೆ ಐದೂ ಕಪ್ಪು ಆಟಗಾರರನ್ನು ಆರಂಭದಲ್ಲೇ ಇಳಿಸಿದ್ದು ಅವರು. 1966ರಲ್ಲಿ ರಸೆಲ್‌ನನ್ನೇ ಹೆಡ್ ಕೋಚ್ ಮಾಡಿದರು. ಆತ ಆಡುತ್ತಲೇ ಕೋಚ್ ಆಗಿ 1968, 1969ರಲ್ಲಿ ಗೆದ್ದುಕೊಟ್ಟ. ಅದೂ ಕಪ್ಪು ಜನರಿಗೆ ಸುಲಭವಲ್ಲದ ಬಾಸ್ಟನ್‌ನಂಥ ಊರಿನಲ್ಲಿ.

ಲೇಕರ್ಸ್ ಹೆಸರಿನ ಬಗ್ಗೆ ಒಂದು ಮಾತು. ಮಿನ್ನೆಸೋಟ ಹತ್ತು ಸಾವಿರ ಕೆರೆಗಳ ನಾಡು, ಅದಕ್ಕೆ ಲೇಕರ್ಸ್. 1960ರಲ್ಲಿ ಕೆರೆಗಳನ್ನು ಅಲ್ಲೇ ಬಿಟ್ಟು ಹೆಸರು ಮಾತ್ರ ಕಟ್ಟಿಕೊಂಡು ಬಿಸಿಲಿನ ಊರಿಗೆ ಬಂದರು.

"ಜೋರ್ಡನ್ ಆಡಿದ ಬುಲ್ಸ್ ಹತ್ತರೊಳಗೆ ಇಲ್ಲ, ಪೇಟ್ರಿಯಟ್ಸ್ ಇದೆ. ಇದು ಪಕ್ಷಪಾತ ಅಲ್ವಾ?"

1991ರಿಂದ 1998ರ ಎಂಟು ವರ್ಷ ಮಾತ್ರ ತೆಗೆದುಕೊಂಡರೆ ಬುಲ್ಸ್‌ನಷ್ಟು ಎತ್ತರಕ್ಕೆ ಯಾರೂ ಹೋಗಿಲ್ಲ. 8ರಲ್ಲಿ 6, ಅದೂ ಇಪ್ಪತ್ತೇಳು ಇಪ್ಪತ್ತೊಂಬತ್ತು ತಂಡಗಳ ಲೀಗ್‌ನಲ್ಲಿ. ಚೀಟಿ ಲೆಕ್ಕ 20 ಪಟ್ಟು ದಾಟುತ್ತದೆ. ಆದರೆ ಆ ಲೀಗ್‌ನಲ್ಲಿ ಅವರು 1966ರಿಂದ ಇದ್ದಾರೆ. ಜೋರ್ಡನ್ ಬರುವ ಮೊದಲು ಸೊನ್ನೆ, ಹೋದ ಮೇಲೆ ಸೊನ್ನೆ. ಮನೆಯ ಕಂಬ ತೆಗೆದರೆ ಮನೆ ನಿಲ್ಲುತ್ತದೋ ಇಲ್ಲವೋ ನೋಡಬೇಕಲ್ಲ. ಇಲ್ಲಿ ಬರೀ ಕಂಬ ಇತ್ತು.

ಪೇಟ್ರಿಯಟ್ಸ್ ಮೇಲೂ ಅದೇ ದೂರು ಹಾಕಬಹುದು, ನಾನೂ ಹಾಕುತ್ತೇನೆ, ಅದಕ್ಕೇ ಅವರು ಏಳನೇ ಸ್ಥಾನದಲ್ಲಿರುವುದು. ಅವರ ಆರೂ ಕಪ್ ಟಾಮ್ ಬ್ರೇಡಿ ಮತ್ತು ಕೋಚ್ ಬಿಲ್ ಬೆಲಿಚಿಕ್ ಕಾಲದವು. ಬ್ರೇಡಿ ಹೋದ ವರ್ಷವೇ ಟ್ಯಾಂಪಾ ಬೇ ಪರ ಇನ್ನೊಂದು ಗೆದ್ದು ತೋರಿಸಿದ. ಆದರೂ ಒಂದು ವ್ಯತ್ಯಾಸ ಇದೆ. ಮೊದಲ ಮೂರು ಕಪ್‌ಗೂ ಕೊನೆಯ ಮೂರು ಕಪ್‌ಗೂ ನಡುವೆ ಹತ್ತು ವರ್ಷದ ಅಂತರ, ಆರೂ ಗೆಲುವಿನಲ್ಲಿ ಇದ್ದ ಆಟಗಾರ ಬ್ರೇಡಿ ಒಬ್ಬನೇ. ಸ್ಯಾಲರಿ ಕ್ಯಾಪ್ ಇರುವ ಲೀಗ್‌ನಲ್ಲಿ ಇಡೀ ತಂಡವನ್ನು ಎರಡು ಸಲ ಕಟ್ಟಿದ್ದಾರೆ. ಅವನು ಬರುವ ಮೊದಲೂ ಎರಡು ಸಲ ಸೂಪರ್ ಬೌಲ್ ಮುಟ್ಟಿದ್ದರು, ಸೋತರು.

"ಸ್ಯಾಲರಿ ಕ್ಯಾಪ್, ಡ್ರಾಫ್ಟ್ ಅಂತೆಲ್ಲ ಹೇಳ್ತೀರಲ್ಲ, ಅದರಿಂದ ಏನಾಗುತ್ತೆ?"

ಗೆದ್ದವರ ಕಾಲು ಎಳೆಯುವ ವ್ಯವಸ್ಥೆ ಅದು. ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಕ್ಕೆ ಹೊಸ ಹುಡುಗರಲ್ಲಿ ಮೊದಲ ಆಯ್ಕೆ. ಸ್ಯಾಲರಿ ಕ್ಯಾಪ್ ಅಂದರೆ ಸಂಬಳಕ್ಕೆ ಎಲ್ಲರಿಗೂ ಒಂದೇ ಮಿತಿ. ಬೇಸ್‌ಬಾಲ್‌ನಲ್ಲಿ ಡ್ರಾಫ್ಟ್ ಬಂದದ್ದು 1965ರಲ್ಲಿ. 1962ರಲ್ಲಿ ಗೆದ್ದ ಯಾಂಕೀಸ್ ಮತ್ತೆ ಗೆದ್ದದ್ದು 1977ರಲ್ಲಿ. ಅದೊಂದೇ ಕಾರಣ ಅಲ್ಲ, ಆದರೆ ಕಾಕತಾಳೀಯವೂ ಅಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ 1994ರಿಂದ ಕ್ಯಾಪ್ ಇದೆ, ಸತತ ಮೂರು ಸೂಪರ್ ಬೌಲ್ ಯಾರಿಗೂ ಇನ್ನೂ ದಕ್ಕಿಲ್ಲ. ಕನ್ಸಾಸ್ ಸಿಟಿ ಚೀಫ್ಸ್ 2025ರ ಫೆಬ್ರವರಿಯಲ್ಲಿ ಬಾಗಿಲ ತನಕ ಹೋಗಿ ಫೈನಲ್‌ನಲ್ಲಿ ಈಗಲ್ಸ್ ಕೈಯಲ್ಲಿ ಚಚ್ಚಿಸಿಕೊಂಡು ಬಂತು.

ಐಪಿಎಲ್‌ನ ಮೆಗಾ ಹರಾಜೂ ಇದೇ ಜಾತಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಮನೆ ಖಾಲಿ ಮಾಡಿಸಿ, ನಾಲ್ಕೈದು ಜನರನ್ನು ಇಟ್ಟುಕೊಂಡು ಉಳಿದವರನ್ನು ಬೀದಿಗೆ ಬಿಡಿ ಅಂದ ಹಾಗೆ.

"ಬೆಲೆ ಜಾಸ್ತಿ ಯಾವುದಕ್ಕೋ ಅದೇ ದೊಡ್ಡದು ಅಂತಾರಲ್ಲ?"

ಹಾಗಾದರೆ ಡಲ್ಲಾಸ್ ಕೌಬಾಯ್ಸ್ ಒಂದನೇ ಸ್ಥಾನ. 1989ರಲ್ಲಿ ಜೆರ್ರಿ ಜೋನ್ಸ್ 14 ಕೋಟಿ ಡಾಲರಿಗೆ ಕೊಂಡದ್ದು, ಫೋರ್ಬ್ಸ್ 2025ರಲ್ಲಿ ಕಟ್ಟಿದ ಬೆಲೆ 1,300 ಕೋಟಿ ಡಾಲರ್. ಕೊನೆಯ ಸೂಪರ್ ಬೌಲ್ ಗೆದ್ದದ್ದು 1996ರ ಜನವರಿಯಲ್ಲಿ, ಆಮೇಲೆ ಸೆಮಿಫೈನಲ್ ಅನ್ನಬಹುದಾದ ಹಂತವನ್ನೂ ಮುಟ್ಟಿಲ್ಲ. ಸೈಟಿನ ಬೆಲೆ ಏರಿತು ಅಂತ ಮನೆ ಚೆನ್ನಾಗಿ ಕಟ್ಟಿದ್ದಾರೆ ಅನ್ನಲು ಆಗುತ್ತದಾ? ನನ್ನ ಪಟ್ಟಿಯಲ್ಲಿ ಬೆಲೆಗೆ ಅಂಕ ಇಲ್ಲ.

## ಊರು, ಜನ, ಭಾಷೆ

"ಟೀಮ್ ಊರು ಬಿಟ್ಟು ಹೋದ್ರೆ ಹಳೇ ಕಪ್ ಯಾರ ಲೆಕ್ಕಕ್ಕೆ?"

ಇದಕ್ಕೆ ಒಂದೇ ಉತ್ತರ ಇಲ್ಲ, ಲೀಗ್‌ಗಳೇ ಒಂದೊಂದು ಸಲ ಒಂದೊಂದು ಹೇಳಿವೆ. 1984ರ ಮಾರ್ಚ್‌ನ ಒಂದು ರಾತ್ರಿ ಬಾಲ್ಟಿಮೋರ್ ಕೋಲ್ಟ್ಸ್ ತಂಡ ಸಾಮಾನು ಸಾಗಿಸುವ ಲಾರಿಗಳಲ್ಲಿ ಗಂಟುಮೂಟೆ ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟುಹೋಯಿತು. ಬೆಳಿಗ್ಗೆ ಎದ್ದವರಿಗೆ ತಂಡವೇ ಇಲ್ಲ. ಹೆಸರು, ದಾಖಲೆ, ಹಳೆಯ ಗೆಲುವು, ಎಲ್ಲ ಜೊತೆಗೇ ಹೋಯಿತು. ಹನ್ನೆರಡು ವರ್ಷ ಆದ ಮೇಲೆ ಅದೇ ಬಾಲ್ಟಿಮೋರ್ ಊರು ಕ್ಲೀವ್‌ಲ್ಯಾಂಡ್‌ನಿಂದ ಬ್ರೌನ್ಸ್ ತಂಡವನ್ನು ಎಳೆದುಕೊಂಡು ಬಂತು. ಈ ಸಲ ಕ್ಲೀವ್‌ಲ್ಯಾಂಡ್ ಜನ ಬಿಡಲಿಲ್ಲ, ಹೆಸರು ಮತ್ತು ಇತಿಹಾಸ ಊರಲ್ಲೇ ಉಳಿಯಿತು, ಆಟಗಾರರು ಹೋಗಿ ರೇವನ್ಸ್ ಆದರು. 1999ರಲ್ಲಿ ಹೊಸ ಬ್ರೌನ್ಸ್ ಬಂತು.

ಸಿಯಾಟಲ್ ಸೂಪರ್‌ಸಾನಿಕ್ಸ್ ಕಥೆ ಇನ್ನೂ ಗೋಜಲು. 1979ರಲ್ಲಿ ಗೆದ್ದ ತಂಡ 2008ರಲ್ಲಿ ಒಕ್ಲಹೋಮ ಸಿಟಿಗೆ ಹೋಗಿ ಥಂಡರ್ ಆಯಿತು. 2025ರಲ್ಲಿ ಥಂಡರ್ ಗೆದ್ದಾಗ ಅದು ಎರಡನೇ ಕಪ್ಪೋ ಮೊದಲನೆಯದೋ? ಸಿಯಾಟಲ್‌ನವರ ಮುಂದೆ ಎರಡನೆಯದು ಅಂತ ಹೇಳಿ ನೋಡಿ.

ನನ್ನ ನಿಯಮ ಹೀಗೆ. ಹೆಸರು ಜೊತೆಗೆ ಹೋಗಿದ್ದರೆ ಕಪ್ ಕೂಡ ಹೋಯಿತು, ಆದರೆ ಊರು ಬಿಟ್ಟಿದ್ದಕ್ಕೆ ಒಂದು ಮೆಟ್ಟಿಲು ಕೆಳಗೆ. ಡಾಡ್ಜರ್ಸ್ ಒಂಬತ್ತರಲ್ಲಿ ಇರುವುದು ಅದರಿಂದಲೇ. ಬ್ರೂಕ್ಲಿನ್‌ನಲ್ಲಿ 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್‌ನನ್ನು ಇಳಿಸಿ ಬೇಸ್‌ಬಾಲ್‌ನ ಬಣ್ಣದ ಗೋಡೆ ಒಡೆದ ತಂಡ ಅದು. ಹತ್ತು ವರ್ಷದ ನಂತರ ಅದೇ ಬ್ರೂಕ್ಲಿನ್‌ಗೆ ಬೆನ್ನು ಹಾಕಿ ಲಾಸ್ ಏಂಜಲೀಸ್‌ಗೆ ಹೊರಟಿತು. 2024, 2025 ಸತತ ಎರಡು ಗೆದ್ದಿದ್ದಾರೆ, ಒಟ್ಟು 9. ಮೇಲೆ ಬರುತ್ತಿದ್ದಾರೆ.

"ಗ್ರೀನ್ ಬೇ ಅನ್ನೋ ಊರಿನ ಹೆಸರೇ ಕೇಳಿಲ್ಲ. ಐದನೇ ಸ್ಥಾನ ಹೇಗೆ?"

ನೀವು ಕೇಳಿರುವುದಿಲ್ಲ, ಅದೇ ಅದರ ದೊಡ್ಡಸ್ತಿಕೆ. ಒಂದು ಲಕ್ಷ ಚಿಲ್ಲರೆ ಜನ ಇರುವ ಊರು. ಹಾಸನದಷ್ಟೂ ಇಲ್ಲ. ಅಂಥ ಊರಿನ ತಂಡ ನ್ಯೂಯಾರ್ಕ್, ಶಿಕಾಗೊ, ಡಲ್ಲಾಸ್ ಜೊತೆ ಒಂದೇ ಲೀಗ್‌ನಲ್ಲಿ ಆಡುತ್ತದೆ, 13 ಸಲ ಚಾಂಪಿಯನ್ ಆಗಿದೆ. ಇದಕ್ಕಿಂತ ಜಾಸ್ತಿ ಗೆದ್ದವರು ಅಲ್ಲಿ ಯಾರೂ ಇಲ್ಲ. ಮೊದಲ ಎರಡು ಸೂಪರ್ ಬೌಲ್ ಅವರದ್ದೇ, ಆಗ ಕೋಚ್ ಆಗಿದ್ದ ವಿನ್ಸ್ ಲೊಂಬಾರ್ಡಿ ಹೆಸರನ್ನೇ ಈಗ ಟ್ರೋಫಿಗೆ ಇಟ್ಟಿದ್ದಾರೆ.

ಮಾಲೀಕ ಯಾರು? ಊರಿನ ಜನ, ಹೊರಗಿನ ಅಭಿಮಾನಿಗಳು. ಐದು ಲಕ್ಷಕ್ಕೂ ಜಾಸ್ತಿ ಷೇರುದಾರರು. ನಮ್ಮ ಹಳ್ಳಿಯ ಹಾಲಿನ ಸೊಸೈಟಿ ನೆನಪಾಗುತ್ತದೆ, ಆದರೆ ಇಲ್ಲಿ ಬೋನಸ್ ಇಲ್ಲ, ಡಿವಿಡೆಂಡ್ ಇಲ್ಲ, ಷೇರನ್ನು ಲಾಭಕ್ಕೆ ಮಾರುವ ಹಾಗೂ ಇಲ್ಲ. ಸಿಗುವುದು ಗೋಡೆಗೆ ತೂಗು ಹಾಕುವ ಒಂದು ಕಾಗದ. ಆದರೂ ತಂಡ ದುಡ್ಡು ಬೇಕು ಅಂದಾಗಲೆಲ್ಲ, 1923ರಿಂದ ಈಚೆಗೆ ಆರು ಸಲ, ಜನ ಕೊಂಡಿದ್ದಾರೆ. ಯಾವ ಮಾಲೀಕನೂ ಇದನ್ನು ರಾತ್ರೋರಾತ್ರಿ ಲಾರಿಗೆ ತುಂಬಿ ಬೇರೆ ಊರಿಗೆ ಒಯ್ಯಲು ಆಗುವುದಿಲ್ಲ. ಇನ್ನೊಂದು ಇಂಥ ತಂಡ ಬರದ ಹಾಗೆ ಲೀಗ್ ನಿಯಮ ಮಾಡಿಕೊಂಡಿದೆ, ಇವರಿಗೆ ಮಾತ್ರ ವಿನಾಯಿತಿ. ಮಾಲೀಕರಿಗೆ ಈ ಮಾದರಿ ಹರಡಿದರೆ ಭಯ ಅಂತ ಕಾಣುತ್ತದೆ.

"ಕೆನಡಿಯನ್ಸ್ 1993ರ ಮೇಲೆ ಗೆದ್ದೇ ಇಲ್ಲ. ಮೂರನೇ ಸ್ಥಾನ ಯಾವ ಲೆಕ್ಕದಲ್ಲಿ?"

ಚೀಟಿ ಲೆಕ್ಕದಲ್ಲಿ ಅಲ್ಲ, ಅದನ್ನು ಮೊದಲೇ ಒಪ್ಪಿಕೊಂಡಿದ್ದೇನೆ. ಅವರು ಒಂದು ಭಾಷೆಯ ತಂಡ. ಕನ್ನಡದವರಿಗೆ ಇದು ಬೇಗ ಅರ್ಥ ಆಗುತ್ತದೆ ಅಂತ ನನ್ನ ನಂಬಿಕೆ.

1909ರಲ್ಲಿ, ಲೀಗ್ ಹುಟ್ಟುವ 8 ವರ್ಷ ಮೊದಲೇ, ಮಾಂಟ್ರಿಯಲ್‌ನ ಫ್ರೆಂಚ್ ಮಾತಾಡುವ ಜನರ ತಂಡ ಅಂತಲೇ ಇದನ್ನು ಕಟ್ಟಿದರು. ಆಗ ಊರಿನ ಬಹುಪಾಲು ಜನ ಫ್ರೆಂಚ್‌ನವರು, ಆದರೆ ಬ್ಯಾಂಕು, ಕಾರ್ಖಾನೆ, ಕಚೇರಿ ಇಂಗ್ಲಿಷ್‌ನವರ ಕೈಯಲ್ಲಿ. ಆ ಜನರ ಹೀರೊ ಮೊರಿಸ್ ರಿಷಾರ್, 1944-45ರಲ್ಲಿ 50 ಪಂದ್ಯದಲ್ಲಿ 50 ಗೋಲು ಹೊಡೆದವನು. 1955ರ ಮಾರ್ಚ್‌ನಲ್ಲಿ ಒಂದು ಜಗಳದ ನಂತರ ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಅವನನ್ನು ಉಳಿದ ಸೀಸನ್‌ಗೂ ಪ್ಲೇಆಫ್‌ಗೂ ಹೊರಗಿಟ್ಟ. ಅದೇ ಕ್ಯಾಂಪ್‌ಬೆಲ್ ಮಾರ್ಚ್ 17ರಂದು ಪಂದ್ಯ ನೋಡಲು ಬಂದು ಕೂತಾಗ ಗಲಾಟೆ ಶುರುವಾಯಿತು, ಬೀದಿಗೆ ಹರಡಿತು, ಅಂಗಡಿ ಗಾಜು ಪುಡಿಯಾದವು. ಮರುದಿನ ರಿಷಾರ್ ರೇಡಿಯೊದಲ್ಲಿ ಮಾತಾಡಿ ಜನರನ್ನು ಸಮಾಧಾನ ಮಾಡಬೇಕಾಯಿತು. ಮಾಂಟ್ರಿಯಲ್ ಇರುವ, ಕೆನಡಾದ ಕ್ವಿಬೆಕ್ ಪ್ರಾಂತದ ರಾಜಕೀಯ ಎಚ್ಚರ ಅಲ್ಲಿಂದ ಶುರು ಅಂತ ಹೇಳುವ ಇತಿಹಾಸಕಾರರು ಇದ್ದಾರೆ. ಮುಂದಿನ ವರ್ಷದಿಂದ ತಂಡ ಸತತ 5 ಕಪ್ ಗೆದ್ದಿತು.

2011ರ ಕೊನೆಯಲ್ಲಿ ಫ್ರೆಂಚ್ ಬಾರದ ಒಬ್ಬರನ್ನು ತಾತ್ಕಾಲಿಕವಾಗಿ ಕೋಚ್ ಮಾಡಿದಾಗಲೂ ಜನ ಸ್ಟೇಡಿಯಂ ಮುಂದೆ ಪ್ರತಿಭಟನೆಗೆ ನಿಂತರು. ಮುಂದಿನ ಕೋಚ್ ಫ್ರೆಂಚ್ ಬರುವವರೇ ಆದರು. ಬೆಂಗಳೂರಿನಲ್ಲಿ ಇಂಥದ್ದನ್ನು ಊಹಿಸಿಕೊಳ್ಳಿ. ಒಂದು ಕಪ್ಪನ್ನೂ ಗೆಲ್ಲದೆ ಮೂವತ್ತು ವರ್ಷ ದಾಟಿದರೂ ಆ ತಂಡ ಆ ಊರಿಗೆ ಏನು ಅನ್ನುವುದು ಒಂದು ಕೂದಲೆಳೆಯಷ್ಟೂ ಕಡಿಮೆ ಆಗಿಲ್ಲ. ಇದಕ್ಕೆ ನಾನು ಅಂಕ ಕೊಡುತ್ತೇನೆ, ಬೇಡ ಅನ್ನುವವರು ತಮ್ಮ ಪಟ್ಟಿ ಮಾಡಿಕೊಳ್ಳಲಿ.

## ನಮ್ಮ ಮನೆ ಜಗಳ

"ಐಪಿಎಲ್‌ನಲ್ಲಿ ಮುಂಬೈ ದೊಡ್ಡದಾ, ಚೆನ್ನೈ ದೊಡ್ಡದಾ?"

ಇಬ್ಬರದೂ 5. ಫೈನಲ್‌ನಲ್ಲಿ ನಾಲ್ಕು ಸಲ ಎದುರಾಗಿದ್ದಾರೆ, 3 ಮುಂಬೈಗೆ, 2019ರದ್ದಂತೂ ಒಂದೇ ರನ್ನಿನಲ್ಲಿ. ಅಲ್ಲಿಗೆ ಮುಂಬೈ ಅಭಿಮಾನಿಗಳು ವಾದ ನಿಲ್ಲಿಸಲು ಇಷ್ಟಪಡುತ್ತಾರೆ.

ನನ್ನ ಮತ ಚೆನ್ನೈಗೆ. 2008ರಿಂದ 2023ರೊಳಗೆ ಅವರು ಆಡಿದ 14 ಸೀಸನ್‌ಗಳಲ್ಲಿ 10 ಸಲ ಫೈನಲ್ ತಲುಪಿದ್ದಾರೆ. ಮುಂಬೈ ಒಟ್ಟು ಆರು ಸಲ. ಚೀಟಿ ಲೆಕ್ಕದಲ್ಲೂ ಚೆನ್ನೈ 2.7, ಮುಂಬೈ 2.4. ಆದರೆ ಬೆಟ್ಟಿಂಗ್ ಪ್ರಕರಣದಿಂದ 2016, 2017ರಲ್ಲಿ ಚೆನ್ನೈ ಆಡಲೇ ಇಲ್ಲ, ನಾನು ಆ ಎರಡು ವರ್ಷವನ್ನು ಲೆಕ್ಕದಿಂದ ಬಿಟ್ಟಿದ್ದೇನೆ. ತಮ್ಮ ತಪ್ಪಿನಿಂದ ಹೊರಗಿದ್ದವರಿಗೆ ಆ ರಿಯಾಯಿತಿ ಯಾಕೆ ಅಂತ ನೀವು ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಆ ವರ್ಷಗಳನ್ನೂ ಸೇರಿಸಿದರೆ ಇಬ್ಬರೂ ಸಮ.

"ಮತ್ತೆ ನಮ್ಮ ಆರ್‌ಸಿಬಿ?"

ಕೂತುಕೊಳ್ಳಿ, ನೀರು ಕುಡಿಯಿರಿ. 18 ಸೀಸನ್‌ಗಳಲ್ಲಿ ಚೀಟಿ ಎತ್ತಿದ್ದರೂ ಆರ್‌ಸಿಬಿಗೆ 2 ಕಪ್ ಬರುತ್ತಿತ್ತು. ಬಂದದ್ದು ಒಂದು. ಅಂದರೆ ಇಷ್ಟು ವರ್ಷ ಗೇಲ್, ಡಿವಿಲಿಯರ್ಸ್, ಕೊಹ್ಲಿ ಇಟ್ಟುಕೊಂಡು ನಾವು ಮಾಡಿದ್ದಕ್ಕಿಂತ ಆ ಚೀಟಿ ಎತ್ತುವ ಮಗುವೇ ಚೆನ್ನಾಗಿ ಮಾಡುತ್ತಿತ್ತು. ಲೆಕ್ಕ ಹಾಕಿದ ದಿನ ನನಗೂ ಊಟ ಸೇರಲಿಲ್ಲ.

ಆದರೆ ಸೋತ ರೀತಿ ನೋಡಿ. 2009ರ ಫೈನಲ್‌ನಲ್ಲಿ ನಾಯಕ ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ತೆಗೆದರು, ಪಂದ್ಯಶ್ರೇಷ್ಠ ಅವರೇ, ಡೆಕ್ಕನ್ ಚಾರ್ಜರ್ಸ್ ವಿರುದ್ಧ ಸೋತದ್ದು 6 ರನ್ನಿನಿಂದ. 2016ರಲ್ಲಿ ಕೊಹ್ಲಿ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದ, ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ, 8 ರನ್ನಿನಿಂದ ಹೋಯಿತು. ಕೊನೆಗೆ 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ ಗೆದ್ದದ್ದು ಎಷ್ಟರಿಂದ? ಅದೇ 6 ರನ್. ಹದಿನಾರು ವರ್ಷದ ಸಾಲ ಬಡ್ಡಿ ಇಲ್ಲದೆ ವಾಪಸ್ ಬಂದ ಹಾಗಾಯಿತು. ಅದಕ್ಕೂ ಮೊದಲು, 2024ರಲ್ಲಿ, ಹೆಣ್ಣುಮಕ್ಕಳ ತಂಡ ಕಪ್ ತಂದಾಗಿತ್ತು. ಆರ್‌ಸಿಬಿಗೆ ಮೊದಲ ಕಪ್ ತಂದವರು ಅವರು ಅನ್ನುವುದನ್ನು ನಮ್ಮ ಗಂಡಸರ ಹರಟೆಯಲ್ಲಿ ಯಾಕೋ ಬೇಗ ಮರೆಯುತ್ತಾರೆ.

ಐಪಿಎಲ್ ಒಳಗೆ ನನ್ನ ಪಟ್ಟಿಯಲ್ಲಿ ಆರ್‌ಸಿಬಿ ನಾಲ್ಕನೇದು, 3 ಕಪ್ ಗೆದ್ದ ಕೋಲ್ಕತ್ತದ ನಂತರ. ಕಪ್ ಮಾತ್ರ ನೋಡಿದರೆ ರಾಜಸ್ಥಾನ, ಹೈದರಾಬಾದ್, ಗುಜರಾತ್ ಜೊತೆ ಸಮ. ನಾಲ್ಕನೇ ಸ್ಥಾನದಲ್ಲಿ ನನ್ನ ಹೃದಯದ ಕೈವಾಡ ಇದೆ, ಮುಚ್ಚಿಡುವುದಿಲ್ಲ.

"ಅಭಿಮಾನಿಗಳಿಗೆ ಅಂಕ ಕೊಟ್ರೆ ಆರ್‌ಸಿಬಿನೇ ವರ್ಲ್ಡ್ ನಂಬರ್ ಒನ್ ಅಲ್ವಾ?"

ಸೋತರೂ ಬಿಡದ ಜನ ಅನ್ನುವುದು ನಿಜ. ಶಿಕಾಗೊ ಕಬ್ಸ್ ಅಭಿಮಾನಿಗಳು 1908ರಿಂದ 2016ರ ತನಕ 108 ವರ್ಷ ಕಾದರು, ಹಾಗಾಗಿ ಕಾಯುವುದರಲ್ಲಿ ನಾವು ಇನ್ನೂ ಹಸುಗೂಸು. ಆದರೆ ಗುಂಪಿನ ಗಾತ್ರಕ್ಕೆ ನಾನು ಅಂಕ ಕೊಡುವುದಿಲ್ಲ. ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಸಂಭ್ರಮ ನೋಡಲು ಮನೆಯಿಂದ ಹೊರಟ ಎಳೆ ವಯಸ್ಸಿನವರು. ಅದಾದ ಮೇಲೆ ಎಷ್ಟು ಲಕ್ಷ ಜನ ಸೇರಿದ್ದರು ಅಂತ ಹೆಮ್ಮೆಯಿಂದ ಹೇಳಲು ನನಗೆ ಬಾಯಿ ಬರುವುದಿಲ್ಲ.

"ಐಪಿಎಲ್ ತಂಡ ನಿಮ್ಮ ದೊಡ್ಡ ಪಟ್ಟಿಗೆ ಯಾವಾಗ ಬರುತ್ತೆ?"

ಕಂಬ ತೆಗೆದ ಮೇಲೆ. ಚೆನ್ನೈನ ಐದೂ ಕಪ್ ಧೋನಿ ನಾಯಕನಾಗಿದ್ದಾಗ ಬಂದವು, ಮುಂಬೈನ ಐದೂ ರೋಹಿತ್ ಶರ್ಮಾ ನಾಯಕನಾಗಿದ್ದಾಗ. ಚೆನ್ನೈ 2025ರಲ್ಲಿ ಮೊದಲ ಸಲ ಕೊನೆಯ ಸ್ಥಾನಕ್ಕೆ ಇಳಿಯಿತು. ಮುಂಬೈ 2022ರಲ್ಲೂ 2024ರಲ್ಲೂ ಇಳಿದಿತ್ತು. ಮುಂದಿನ ತಲೆಮಾರಿನ ನಾಯಕನ ಕೈಯಲ್ಲಿ ಇವರಲ್ಲಿ ಯಾರಾದರೂ ಇನ್ನೆರಡು ಗೆದ್ದರೆ ಹತ್ತನೇ ಜಾಗದ ಬಗ್ಗೆ ಮಾತಾಡೋಣ. ಯಾಂಕೀಸ್ ರೂತ್ ಇಲ್ಲದೆ 23 ಗೆದ್ದಿದ್ದಾರೆ, ಅಳತೆಗೋಲು ಅದು.

"ಕಬಡ್ಡಿ ಲೆಕ್ಕಕ್ಕಿಲ್ವಾ?"

ಇದೆ. ಪ್ರೊ ಕಬಡ್ಡಿಯಲ್ಲಿ ಪಾಟ್ನಾ ಪೈರೇಟ್ಸ್ ಸತತ 3 ಗೆದ್ದದ್ದು ಸಣ್ಣ ವಿಷಯ ಅಲ್ಲ. ನಮ್ಮ ಬೆಂಗಳೂರು ಬುಲ್ಸ್‌ದು ಒಂದು, 2019ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ ಫೈನಲ್. ಪವನ್ ಸೆಹ್ರಾವತ್ ಒಬ್ಬನೇ ಗುಜರಾತ್ ವಿರುದ್ಧ 22 ಅಂಕ ತಂದ. ಲೀಗ್ ಶುರುವಾದದ್ದೇ 2014ರಲ್ಲಿ, ಇನ್ನೂ ಹುಡುಗ ವಯಸ್ಸು.

"ಪಟ್ಟಿ ಮತ್ತೆ ಯಾವಾಗ ಬದಲಾಯಿಸ್ತೀರಿ?"

ಲೇಕರ್ಸ್ ಇನ್ನೊಂದು ಗೆದ್ದರೆ ಎರಡನೇ ಸ್ಥಾನದ ಬಗ್ಗೆ ಮರುಯೋಚನೆ ಮಾಡಬೇಕು. ಡಾಡ್ಜರ್ಸ್ 2026ರಲ್ಲೂ ಗೆದ್ದರೆ ಸ್ಪರ್ಸ್ ಮೇಲೆ ಹೋಗುತ್ತಾರೆ. ಉಳಿದಂತೆ ಪ್ರತಿ ವರ್ಷ ಯುಗಾದಿಗೆ ಒಂದು ಸಲ ತೆಗೆದು ನೋಡುತ್ತೇನೆ, ಅಷ್ಟರಲ್ಲಿ ಐಪಿಎಲ್ ಶುರುವಾಗಿರುತ್ತದೆ, ನೋಡುವುದು ಜೂನ್‌ಗೆ ಹೋಗುತ್ತದೆ.